ಲೆಕ್ಕದಮ್ಮನೂ ಪಕ್ಕದ ಸೈಟಿನ ಪಂಪೂ

ಗಂಡ ಹೆಂಡತಿ ಇಬ್ಬರೂ ಕೊರೆಯುವವರೇ ಎಂದು ಸೈಟಿನವರು ಆಡಿಕೊಂಡು ನಗುತ್ತಿದ್ದರು. ಮೇಸ್ತ್ರಿ ನೆಲ ಕೊರೆಯುತ್ತಾನೆ, ಅವನ ಹೆಂಡತಿ ತಲೆ ಕೊರೆಯುತ್ತಾಳೆ. ಮಾತು ಅವಳ ಕಿವಿಗೂ ಬಿದ್ದಿತ್ತು. ಅವಳೇನೂ ಮುಖ ಊದಿಸಿಕೊಳ್ಳಲಿಲ್ಲ. ಗಂಡ ರಿಗ್ಗು ನಿಲ್ಲಿಸಿ ನೂರು ಮೀಟರು ಆಳದ ಬೋರು ಹೊಡೆದರೆ, ಆ ಬೋರಿಗೆ ಸುತ್ತಲ ನೆಲದಿಂದ ಎಷ್ಟು ಶಾಖ ಹರಿದು ಬಂದೀತು ಎಂದು ಲೆಕ್ಕ ಹಾಕುವುದು ಅವಳ ಉದ್ಯೋಗ. ಅದೇನಮ್ಮಾ ನಿನ್ನ ಕೆಲಸ ಎಂದು ಯಾರಾದರೂ ಬಾಯಿತಪ್ಪಿ ಕೇಳಿದರೆ ಮುಗಿಯಿತು, ಅವರ ಚಹಾ ತಣ್ಣಗಾಗುವವರೆಗೂ ಬಿಡುತ್ತಿರಲಿಲ್ಲ. ಅದಕ್ಕೇ ಅವಳಿಗೆ ಲೆಕ್ಕದಮ್ಮ ಎಂಬ ಹೆಸರು.

ನಾನು ಅಷ್ಟು ಕೊರೆಯುವುದಿಲ್ಲ, ಬೇಕಾದಷ್ಟೇ ಹೇಳುತ್ತೇನೆ. ಮೇಲೆ ಎಷ್ಟೇ ಹಿಮ ಬೀಳಲಿ, ಆಳದಲ್ಲಿ ನೆಲ ತನ್ನ ಪಾಡಿಗೆ ತಾನು ಒಂದೇ ಹದದಲ್ಲಿ ಬೆಚ್ಚಗಿರುತ್ತದೆ. ಬೋರಿನೊಳಗೆ ಪೈಪು ಇಳಿಸಿ, ತಳದಲ್ಲಿ ತಿರುಗಿಸಿ ಮೇಲೆ ತಂದು, ಅದರಲ್ಲಿ ನೀರು ಸುತ್ತಿಸಿದರೆ ನೀರು ಆ ಬಿಸಿಯನ್ನು ಹೊತ್ತು ತರುತ್ತದೆ. ಹೀಟ್ ಪಂಪು ಎಂಬ ಯಂತ್ರ ಆ ಬಿಸಿಯನ್ನು ಹೆಚ್ಚಿಸಿ ಕೋಣೆಗಳಿಗೆ ಹಂಚುತ್ತದೆ. ಕಷ್ಟ ಇರುವುದು ಒಂದೇ ಕಡೆ: ಈ ನೆಲ ಧಾರಾಳಿಯೋ ಜುಗ್ಗನೋ ಎಂಬುದು ಮೊದಲೇ ತಿಳಿಯಬೇಕು. ಜುಗ್ಗ ನೆಲದಲ್ಲಿ ಕಮ್ಮಿ ಬೋರು ಹೊಡೆದರೆ ಮೊದಲ ಚಳಿಗಾಲದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ತೆಗೆದ ಬಿಸಿ ಬೇಸಿಗೆಯಲ್ಲಿ ಪೂರ್ತಿ ವಾಪಸು ಬರದೆ ನೆಲ ವರ್ಷದಿಂದ ವರ್ಷಕ್ಕೆ ತಣ್ಣಗಾಗುತ್ತಾ ಹೋಗುತ್ತದೆ. ಕೊನೆಗೆ ಎಂಥ ದಿನ ಯಂತ್ರ ಬೇಕೇ ಬೇಕೋ ಅಂಥ ದಿನವೇ ನಿಂತುಬಿಡುತ್ತದೆ.

ಅವಳ ಅಪ್ಪ ಬೇಕರಿಯೊಂದರಲ್ಲಿ ಒಲೆ ನೋಡಿಕೊಳ್ಳುತ್ತಿದ್ದವನು. ಬೆಂಕಿ ಆರಿದ ಮಾರನೆಯ ಬೆಳಿಗ್ಗೆ ಮಗಳ ಅಂಗೈಯನ್ನು ಒಲೆಯ ಇಟ್ಟಿಗೆ ಗೋಡೆಗೆ ಒತ್ತಿಸಿ, "ನೋಡು, ನಿನ್ನೆ ತಿಂದದ್ದನ್ನ ಇನ್ನೂ ಅರಗಿಸ್ತಾ ಇದೆ" ಎನ್ನುತ್ತಿದ್ದ. ಆ ಗೋಡೆಯ ಹುಚ್ಚು ಅವಳಿಗೆ ಬಿಡಲೇ ಇಲ್ಲ. ಓದಿದಳು, ಸಣ್ಣದೊಂದು ಕಚೇರಿ ಸೇರಿದಳು, ಕಂಪ್ಯೂಟರಿನಲ್ಲಿ ನೆಲವನ್ನು ಈರುಳ್ಳಿಯ ಹಾಗೆ ಪದರ ಪದರವಾಗಿ ಕತ್ತರಿಸಿ, ಒಂದು ಪದರದಿಂದ ಇನ್ನೊಂದಕ್ಕೆ ಶಾಖ ಎಷ್ಟು ನಿಧಾನ ದಾಟುತ್ತದೆ ಎಂದು ಇಪ್ಪತ್ತೈದು ವರ್ಷ ಮುಂದಿನವರೆಗೂ ನೋಡುವುದನ್ನು ಕಲಿತಳು. ಮೇಸ್ತ್ರಿ ಸಿಕ್ಕಿದ್ದೂ ಸೈಟಿನಲ್ಲೇ. ಹೊಸ ಬೋರಿನ ನೆಲ ಇನ್ನೂ ಯಂತ್ರದ ಬಿಸಿಯಲ್ಲಿದೆ, ಅದು ಆರುವವರೆಗೆ ಪರೀಕ್ಷೆ ಕೂಡದು ಎಂದು ಅವಳು ಹಟ ಹಿಡಿದಳು. ಇವಳು ಯಾವಳು ನನ್ನ ಬೋರಿಗೆ ಜ್ವರ ನೋಡುವವಳು ಎಂದು ಅವನು ಕೂಗಾಡಿದ. ಅಲ್ಲಿಂದ ಮದುವೆಯವರೆಗೆ ಹೆಚ್ಚು ದಿನ ಹಿಡಿಯಲಿಲ್ಲ.

ಮದುವೆಯಾದ ಮೇಲೆ ಆ ಜಗಳ ಮನೆಗೇ ಬಂತು. ಊಟಕ್ಕೆ ಕೂತರೆ ಬೋರು, ಎದ್ದರೆ ಬೋರು. ಒಂದು ದಿನ ತಟ್ಟೆಯೊಂದು ಗೋಡೆಗೆ ಹೋಗಿ ಚೂರಾದಾಗ ಅತ್ತೆ ನಡುವೆ ಬಂದು ನಿಂತರು. "ಇವತ್ತಿಂದ ಕೆಲಸಾನ ಶೂ ಜೊತೆ ಬಾಗಿಲ ಹೊರಗೇ ಬಿಟ್ಟು ಬನ್ನಿ. ಒಳಗೆ ತಂದ್ರೆ ಊಟ ಇಲ್ಲ, ಇಬ್ಬರಿಗೂ." ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದು ಉಣ್ಣುವುದಕ್ಕೇ ಬಿಡುತ್ತಿರಲಿಲ್ಲವಲ್ಲ, ಅತ್ತೆಯದೂ ತಪ್ಪಲ್ಲ. ಕಾಯಿದೆ ನಿಂತಿತು. ಮನೆ ತಣ್ಣಗಾಯಿತು. ಒಂದೇ ಸೈಟಿನಲ್ಲಿ ದುಡಿದು ಬಂದ ದಿನವೂ ಇಬ್ಬರೂ ಹವೆಯ ಬಗ್ಗೆ, ಅತ್ತೆಯ ಮೊಣಕಾಲಿನ ಬಗ್ಗೆ, ಮಹಡಿಯ ಮನೆಯವರ ನಾಯಿಯ ಬಗ್ಗೆ ಮಾತಾಡಿಕೊಂಡು ಮಲಗುತ್ತಿದ್ದರು.

ಹೆರಿಗೆ ಆಸ್ಪತ್ರೆಯ ಹೊಸ ಕಟ್ಟಡದ ಕೆಲಸ ಬಂದದ್ದು ಹಿಂದಿನ ವರ್ಷ, ಎಲೆ ಉದುರುವ ಕಾಲದಲ್ಲಿ. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ವಾರ್ಡು ಅದು. ಬೋರು ಹೊಡೆಯುವುದು ಮೇಸ್ತ್ರಿ, ಲೆಕ್ಕ ಲೆಕ್ಕದಮ್ಮನದು. ಮೊದಲ ಬೋರಿನಲ್ಲಿ ಅವಳು ಪರೀಕ್ಷೆ ನಡೆಸಿದಳು. ಪೈಪಿನಲ್ಲಿ ಬಿಸಿನೀರು ಬಿಡಬೇಕು, ಹೀಟರು ಒಂದೇ ಸಮ ಉರಿಯಬೇಕು, ಮೂರು ದಿನ ಹೋಗುವ ನೀರಿನ ಬಿಸಿ, ಬರುವ ನೀರಿನ ಬಿಸಿ ಅಳೆಯುತ್ತಾ ಕೂರಬೇಕು. ನೆಲ ಬಿಸಿಯನ್ನು ಬೇಗ ಸಾಗಹಾಕಿದರೆ ಆ ಬಿಸಿ ತೋರಿಸುವ ಕಂಪ್ಯೂಟರಿನ ತೆರೆಯ ಮೇಲಿನ ಗೆರೆ ಮೆಲ್ಲಗೆ ಏರುತ್ತದೆ, ತಡೆದರೆ ಕಡಿದಾಗಿ ಏರುತ್ತದೆ. ಅವತ್ತು ಗೆರೆ ಮೆಲ್ಲಗೇ ಏರಿತು. ಧಾರಾಳಿ ನೆಲ. ಕೊನೆಯ ದಿನ ಮಾತ್ರ ಗೆರೆಯ ಬಾಲ ಒಂದಿಷ್ಟು ಕೆಳಕ್ಕೆ ಬಾಗಿತು. ಹೊರಗೆ ಚಳಿ ಬಿದ್ದಿತ್ತು, ಮೇಲಿನ ಪೈಪಿಗೆ ಸುತ್ತಿದ ಬಟ್ಟೆ ಸಡಿಲವಾಗಿತ್ತು. ಅದರ ಕಾರಣವೇ ಇರಬೇಕು ಎಂದುಕೊಂಡು ಅವಳು ಲೆಕ್ಕ ಮುಗಿಸಿದಳು. ಅವಳ ಲೆಕ್ಕದ ಪ್ರಕಾರ ಬೋರು ಹೊಡೆದರು, ಪೈಪು ಇಳಿಸಿದರು. ಇನ್ನು ಬೇಲಿ ಪಕ್ಕದ ಒಂದು ಪೈಪು ಜೋಡಿಸಿ ಅಂಗಳಕ್ಕೆ ಕಾಂಕ್ರೀಟು ಹಾಕುವುದೊಂದು ಬಾಕಿ. ಅದು ಬಿದ್ದ ಮೇಲೆ ಆ ಅಂಗಳದಲ್ಲಿ ಇನ್ನೊಂದು ಬೋರು ಹೊಡೆಯುವುದು ಕನಸಿನ ಮಾತು.

ಕಾಂಕ್ರೀಟಿನ ಹಿಂದಿನ ಸಂಜೆ ಮೂವರೂ ಊಟಕ್ಕೆ ಕೂತಿದ್ದರು. ಮೇಸ್ತ್ರಿ ಮಾತಿಲ್ಲದೆ ಅಗಿಯುತ್ತಿದ್ದ.

"ಏನೋ, ಮುಖ ಹರಳೆಣ್ಣೆ ಕುಡಿದ ಹಾಗಿದೆ?" ಎಂದರು ಅತ್ತೆ.

"ಬೆನ್ನು ನೋವಮ್ಮ. ಆಸ್ಪತ್ರೆ ಪಕ್ಕದ ಸೈಟಲ್ಲಿ ಪಂಪು, ಪೈಪು ಎಲ್ಲಾ ಕಿತ್ತು ಹಾಕೋಷ್ಟರಲ್ಲಿ ಸಾಕುಸಾಕಾಯ್ತು."

ಕಾಯಿದೆ ಮುರಿದದ್ದು ಅತ್ತೆಗೆ ಗೊತ್ತಾಗಲಿಲ್ಲ. ಸೊಸೆಯ ಕೈ ಮಾತ್ರ ತಟ್ಟೆಯ ಮೇಲೇ ನಿಂತಿತು.

"ಯಾವ ಪಂಪು ರೀ?"

"ನೀರೆತ್ತೋ ಪಂಪು. ಅವರು ನೆಲಮಾಳಿಗೆಗೆ ಹಳ್ಳ ತೋಡಿದ್ರಲ್ಲ, ಒಳಗೆ ನೀರು ನುಗ್ತಿತ್ತು. ಸುತ್ತ ನಾಲ್ಕು ಬೋರು ಹೊಡೆದು ಪಂಪು ಇಳಿಸಿಕೊಡು ಅಂದ್ರು, ಕೊಟ್ಟೆ. ಹಗಲೂ ರಾತ್ರಿ ಎಳೀತಿತ್ತು. ಈಗ ಗೋಡೆ ಎದ್ದಿದೆ, ಬೇಡ ಅಂದ್ರು."

"ಯಾವಾಗಿಂದ ಎಳೀತಿತ್ತು?"

"ಹೋದ ವರ್ಷ ನಾವು ಆಸ್ಪತ್ರೇಲಿ ಮೊದಲನೇ ಬೋರು ಹೊಡೆದ್ವಲ್ಲ, ಅದಕ್ಕೂ ಮುಂಚಿನಿಂದ."

ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ತಗಡಿನ ಬೇಲಿಯ ಆಚೆ, ನೀರೊಳಗೆ ಮುಳುಗಿ ಕೂತ ಪಂಪು. ಸದ್ದಿಲ್ಲ, ಸುಳಿವಿಲ್ಲ. ಆ ಊರಿನ ನೆಲದಡಿಯ ನೀರು ಕೆರೆಯ ನೀರಿನಂತೆ ನಿಂತದ್ದು ಎಂದು ಅವಳಿಗೆ ಗೊತ್ತಿತ್ತು, ಆ ಧೈರ್ಯದಲ್ಲೇ ಲೆಕ್ಕ ಕಟ್ಟಿದ್ದಳು. ಆದರೆ ಅವತ್ತು ಅದು ನಿಂತಿರಲಿಲ್ಲ. ಪಕ್ಕದ ಪಂಪು ಎಳೆದೆಳೆದು ಅವಳ ಬೋರಿನ ಪಕ್ಕದಿಂದಲೇ ನೀರು ಓಡುತ್ತಿತ್ತು, ಓಡುವ ನೀರು ಬಿಸಿಯನ್ನು ಹೊತ್ತೊಯ್ಯುತ್ತಿತ್ತು. ಗೆರೆಯ ಬಾಲ ಬಾಗಿದ್ದು ಅದಕ್ಕೆ, ಚಳಿಗಲ್ಲ. ಧಾರಾಳಿಯಾಗಿದ್ದದ್ದು ನೆಲವಲ್ಲ, ಪಂಪು. ಇವತ್ತು ಪಂಪು ನಿಂತಿದೆ.

ಅವಳು ಕೈ ತೊಳೆದು, ಕೋಟು ಹಾಕಿಕೊಂಡು, ಲ್ಯಾಪ್‌ಟಾಪು ಎತ್ತಿಕೊಂಡು ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತಳು. ಅಷ್ಟು ಭಯದಲ್ಲೂ ಅತ್ತೆಯ ಕಾಯಿದೆ ಮುರಿಯಲು ಅವಳಿಗೆ ಮನಸ್ಸು ಬರಲಿಲ್ಲ ನೋಡಿ. ನೀರು ನಿಂತ ನೆಲ ಎಂದು ಅಂದಾಜು ಹಾಕಿ ಮತ್ತೆ ಲೆಕ್ಕ ಓಡಿಸಿದಳು. ಮೊದಲ ಚಳಿಗಾಲ ಸಲೀಸು. ಎರಡನೆಯದು ಹೇಗೋ ದಾಟಿತು. ಮೂರನೆಯದರಲ್ಲಿ ಪೈಪಿನ ನೀರಿನ ಬಿಸಿ ಯಂತ್ರದ ಮಿತಿಯ ಕೆಂಪು ಗೆರೆಗಿಂತ ಕೆಳಗಿಳಿದು ಯಂತ್ರ ನಿಂತಿತು. ಮೇಸ್ತ್ರಿ ಬಾಗಿಲು ತೆರೆದು ಬಂದು ಪಕ್ಕದಲ್ಲಿ ಕೂತ. ಅವಳು ಎಲ್ಲ ಹೇಳಿದಳು.

"ಖಾತ್ರಿನಾ?" ಎಂದ ಅವನು.

"ಇಲ್ಲ ರೀ. ಮತ್ತೆ ಪರೀಕ್ಷೆ ಮಾಡಿದ್ರೇನೇ ಖಾತ್ರಿ. ಬೇಲಿ ಪಕ್ಕದ ಬೋರಿನ ಪೈಪು ಇನ್ನೂ ಜೋಡಿಸಿಲ್ಲ, ಅದರಲ್ಲಿ ಮಾಡಬಹುದು. ಮೂರು ದಿನ ಬೇಕು."

"ನಾಳೆ ಬೆಳಿಗ್ಗೆ ಕಾಂಕ್ರೀಟು ಬರುತ್ತೆ."

"ನಿಮ್ಮ ರಿಗ್ಗು ಅಂಗಳದ ಬಾಯಲ್ಲೇ ನಿಂತಿದೆಯಲ್ಲಾ. ತೆಗೀಬೇಡಿ."

ಅವನಿಗೆ ಬೆಳಗಾದರೆ ಬೇರೆ ಊರಿನಲ್ಲಿ ಕೆಲಸವಿತ್ತು. ಅವನು ರಿಗ್ಗಿನ ಕೀಲಿಯನ್ನು ಜೇಬಿನೊಳಕ್ಕೆ ಹಾಕಿಕೊಂಡ. ಆಮೇಲೆ ಹೇಳಿದ್ದು ಇಷ್ಟೇ: "ಆ ಪಂಪಿನ ವಿಷಯ ಅವತ್ತೇ ಒಂದು ಮಾತು ಬಾಯಿಬಿಟ್ಟಿದ್ರೆ ಆಗ್ತಿತ್ತು ನಾನು." ಅವಳಿಗೆ ಅವನ ಮೇಲೆ ಸಿಟ್ಟು ಬಂದಿತ್ತು. ಆ ಮಾತು ಕೇಳಿದ ಮೇಲೆ ತನ್ನ ಮೇಲೆಯೇ ತಿರುಗಿತು. ಅವನು ಬಾಯಿ ಬಿಡಲಿಲ್ಲ ಸರಿ, ಇವಳು ಸುತ್ತಮುತ್ತ ಕೇಳಿದ್ದಳೇ?

ಬೆಳಿಗ್ಗೆ ಕಾಂಕ್ರೀಟಿನ ಲಾರಿಗಳು ರಸ್ತೆಯುದ್ದಕ್ಕೂ ಹೊಟ್ಟೆ ತಿರುಗಿಸುತ್ತಾ ನಿಂತವು. ಮೇಸ್ತ್ರಿ ರಿಗ್ಗಿನ ಕೆಳಗೆ ತೂರಿಕೊಂಡು ಸುಮ್ಮನೆ ಸ್ಪ್ಯಾನರು ಆಡಿಸುತ್ತಿದ್ದ. "ಕೆಟ್ಟಿದೆ. ಅಲ್ಲಾಡಲ್ಲ" ಎಂದ. ಅವನ ರಿಗ್ಗು ಕೆಟ್ಟಿದೆ ಎಂಬ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಊರಿನಲ್ಲಿ ಬೋರು ಹೊಡೆಯುವ ಇನ್ನೊಬ್ಬನಿದ್ದ, ಬೆಳ್ಳಿಹಲ್ಲು ಎಂದು ಅವನನ್ನು ಕರೆಯುತ್ತಿದ್ದರು. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಸುದ್ದಿ ತಿಳಿದು ಅವನು ಆ ದಾರಿಯಲ್ಲೇ ಬಂದು, ಗಾಡಿಯ ಕಿಟಕಿ ಇಳಿಸಿ, ಆ ಹಲ್ಲು ಕಾಣುವ ಹಾಗೆ ನಕ್ಕು ಹೋದ. ಮೇಸ್ತ್ರಿ ಅದನ್ನೂ ನುಂಗಿಕೊಂಡ.

ಅವಳು ತನ್ನ ಕಚೇರಿಯ ಯಜಮಾನರಿಗೆ ವಿಷಯ ಹೇಳಿದಳು. ಅವರು ಕೆಟ್ಟವರಲ್ಲ, ಬರೀ ಹೆದರುಪುಕ್ಕಲು. ಬಾಗಿಲು ಹಾಕಿಕೊಂಡು ಮೆತ್ತಗೆ ಮಾತಾಡಿದರು.

"ಮೂರನೇ ಚಳಿಗಾಲ ಅಂದ್ಯಲ್ಲಮ್ಮಾ. ನಮ್ಮ ಗ್ಯಾರಂಟಿ ಎರಡು ವರ್ಷಕ್ಕೆ ಮುಗಿಯುತ್ತೆ. ಚಳಿ ಅಷ್ಟು ಬೀಳದೇನೂ ಇರಬಹುದು. ಯಂತ್ರದವರು ಸರಿಯಾಗಿ ಓಡಿಸಲಿಲ್ಲ ಅನ್ನಬಹುದು. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ ಯಾಕೆ ಮಾಡ್ತೀಯ?"

"ಸರ್, ಅದು ಎಳೆ ಮಕ್ಕಳ ವಾರ್ಡು."

"ಗೊತ್ತು. ಅದಕ್ಕೇ ಹೇಳ್ತಿರೋದು. ಆ ವಾರ್ಡಿನ ಲೆಕ್ಕ ತಪ್ಪಿದೆ ಅಂತ ಒಂದು ಸಲ ಹೊರಗೆ ಬಿತ್ತು ಅಂದ್ರೆ, ಆಮೇಲೆ ನಿನಗೆ ಯಾರೂ ಲೆಕ್ಕದ ಕೆಲಸ ಕೊಡಲ್ಲ."

ಅದು ನಿಜವೆಂದು ಅವಳಿಗೂ ಗೊತ್ತಿತ್ತು. ನಿಜ ಹೇಳಬೇಕೆಂದರೆ ಸ್ವಲ್ಪ ಹೊತ್ತು ಆಸೆಯೂ ಆಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ನೆಲದೊಳಗೆ ಇಣುಕಿ ನೋಡುವವರು ಯಾರು? ಆದರೆ ಅವಳ ಕಾಲುಗಳು ಆಗಲೇ ಆಸ್ಪತ್ರೆಯ ದಾರಿ ಹಿಡಿದಿದ್ದವು. ಲೆಕ್ಕ ತಪ್ಪಿರಬಹುದು, ಮತ್ತೆ ಪರೀಕ್ಷೆ ಮಾಡಬೇಕು ಎಂದಾಗ ಅಲ್ಲಿನ ದೊಡ್ಡ ಡಾಕ್ಟರಮ್ಮ ಮೂರು ದಿನ ಕೊಟ್ಟರು. ಕೊಡುವಾಗ ಅವರ ಮುಖ ನೋಡಿದರೆ ಕೊಟ್ಟದ್ದು ಸಮಯವಲ್ಲ, ರಕ್ತ ಎನ್ನಬೇಕು.

ಅಂಗಳದ ಮೂಲೆಯ ತಗಡಿನ ಶೆಡ್ಡಿನಲ್ಲಿ ಅವಳು ಹೀಟರು ಹಚ್ಚಿ ಕೂತಳು. ಈ ಸಲ ಪೈಪಿಗೆ ಬಟ್ಟೆಯನ್ನು ಮಗುವಿಗೆ ಸುತ್ತಿದಷ್ಟು ಬಿಗಿಯಾಗಿ ತಾನೇ ಸುತ್ತಿದಳು. ಗೆರೆ ಏರತೊಡಗಿತು. ಮೊದಮೊದಲು ಅದರಿಂದ ಏನೂ ತಿಳಿಯುವುದಿಲ್ಲ, ಅದು ಪೈಪಿನ ಬಿಸಿ, ಪೈಪಿನ ಸುತ್ತ ತುಂಬಿದ ಗಾರೆಯ ಬಿಸಿ. ನೆಲ ಬಾಯಿ ಬಿಡಬೇಕಾದರೆ ಕಾಯಲೇಬೇಕು. ಕಾಯುತ್ತಾ ಅವಳು ಉಗುರು ಕಚ್ಚಿದಳು, ಚಹಾ ಮರೆತಳು, ಹಳೆಯ ಗೆರೆಯನ್ನು ಹೊಸದರ ಪಕ್ಕದಲ್ಲಿಟ್ಟು ನೋಡಿದಳು, ನೋಡಬಾರದೆಂದು ತೆಗೆದಳು, ಮತ್ತೆ ಇಟ್ಟಳು. ಅವಳದು ಅತ್ತ ದರಿ ಇತ್ತ ಪುಲಿ. ಹೊಸ ಗೆರೆ ಹಳೆಯದರ ಮೇಲೇ ಕೂತರೆ ಅವಳ ಮೊದಲ ಲೆಕ್ಕ ಸರಿ, ಮಕ್ಕಳು ಬೆಚ್ಚಗೆ, ಅವಳು ಮಾತ್ರ ಸುಮ್ಮನೆ ಊರು ಎಬ್ಬಿಸಿದ ಹುಚ್ಚಿ. ಕಡಿದಾಗಿ ಏರಿದರೆ ಅವಳ ಅನುಮಾನ ಸರಿ, ಅವಳ ಲೆಕ್ಕ ಮಣ್ಣು. ಹುಚ್ಚಿ ಎನಿಸಿಕೊಂಡರೂ ಪರವಾಗಿಲ್ಲ, ಹಳೆಯದರ ಮೇಲೇ ಕೂರಲಿ ಎಂದು ಅವಳು ಬಾಯಿಬಿಟ್ಟು ಬೇಡಿಕೊಂಡಳು.

ನಡುನಡುವೆ ಮೇಸ್ತ್ರಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. "ಹೆಂಗಿದೆ?" ಎಂದರೆ ಅವಳು ತಲೆಯಲ್ಲಾಡಿಸುತ್ತಿದ್ದಳು. ಬೇರೆ ಊರಿನ ಕೆಲಸದವರು ಫೋನು ಮಾಡಿ ಮಾಡಿ ಕೊನೆಗೆ ಬೇರೆಯವರನ್ನು ಗೊತ್ತುಮಾಡಿಕೊಂಡಿದ್ದರು. ಅದನ್ನು ಅವನು ಅವಳಿಗೆ ಹೇಳಲಿಲ್ಲ, ಅವಳಿಗೆ ಗೊತ್ತಾದದ್ದು ಅತ್ತೆಯಿಂದ. ಎರಡನೆಯ ದಿನ ಮಧ್ಯಾಹ್ನ ಎರಡು ಗೆರೆಗಳೂ ಬೇರೆಯಾದವು. ಹೊಸದು ಹಳೆಯದನ್ನು ಬಿಟ್ಟು ಮೇಲೆ ಹೊರಟಿತು. ಅವಳು ಹೀಟರಿನ ವಿದ್ಯುತ್ತು ನೋಡಿದಳು, ನೀರಿನ ಓಟ ನೋಡಿದಳು, ಎಲ್ಲಿಯಾದರೂ ತಪ್ಪು ಸಿಕ್ಕೀತೇ ಎಂದು ಎಲ್ಲ ಕೀಲುಗಳನ್ನೂ ಮುಟ್ಟಿ ನೋಡಿದಳು. ಎಲ್ಲ ಸರಿಯಾಗಿತ್ತು. ಮೂರನೆಯ ದಿನವೂ ಗೆರೆ ಬಾಗಲಿಲ್ಲ, ಹಗ್ಗ ಎಳೆದ ಹಾಗೆ ನೆಟ್ಟಗೆ ಏರಿತು. ನೆಲ ಜುಗ್ಗ. ಹೊಡೆದ ಬೋರುಗಳು ಸಾಲವು, ಇನ್ನೂ ಒಂದು ಸಾಲು ಬೇಕು.

ದೊಡ್ಡ ಡಾಕ್ಟರಮ್ಮನ ಕೋಣೆಯಲ್ಲಿ ಅವಳು ಎರಡೂ ಗೆರೆಗಳನ್ನು ಮೇಜಿನ ಮೇಲಿಟ್ಟು ಪಂಪಿನ ಕಥೆ ಹೇಳಿದಳು. ಯಜಮಾನರು ಕೂತಿದ್ದರು. ಮೇಸ್ತ್ರಿ ಟೋಪಿ ಕೈಯಲ್ಲಿ ಹಿಡಿದು ಗೋಡೆಗೊರಗಿ ನಿಂತಿದ್ದ.

"ಪಕ್ಕದಲ್ಲಿ ಪಂಪು ಇಟ್ಟವರು ಯಾರು?" ಎಂದರು ಡಾಕ್ಟರಮ್ಮ.

"ನಾನೇ ಮೇಡಂ" ಎಂದ ಮೇಸ್ತ್ರಿ.

"ಇಲ್ಲಿ ಬೋರು ಹೊಡೆದವರು?"

"ನಾನೇ."

"ಪಂಪಿನ ಲೆಕ್ಕ ತಗೊಳ್ಳದೆ ಕಮ್ಮಿ ಬೋರು ಸಾಕು ಅಂದವರು ನಿಮ್ಮ ಹೆಂಡತಿ. ಈಗ ಜಾಸ್ತಿ ಬೇಕು ಅನ್ನೋವರೂ ನಿಮ್ಮ ಹೆಂಡತಿ. ಇನ್ನೊಂದು ಸಾಲು ಹೊಡೆಯೋರು ನೀವು. ಕಾಂಕ್ರೀಟು ಬರೋ ದಿನ ಸರಿಯಾಗಿ ನಿಮ್ಮ ಯಂತ್ರ ಕೆಡುತ್ತೆ." ಅವರು ದನಿ ಎತ್ತಲಿಲ್ಲ. "ನನ್ನ ಜಾಗದಲ್ಲಿ ನೀವಿದ್ರೆ ಏನು ಅಂದ್ಕೋತಿದ್ರಿ?"

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ತಪ್ಪು ಮಾಡಿದವಳು ಎನಿಸಿಕೊಳ್ಳಲು ಅವಳು ಸಿದ್ಧಳಾಗಿ ಬಂದಿದ್ದಳು. ಕಳ್ಳಿ ಎನಿಸಿಕೊಳ್ಳಲು ಸಿದ್ಧಳಾಗಿರಲಿಲ್ಲ. ಇಬ್ಬರೂ ಮನೆಯಲ್ಲಿ ಕೆಲಸದ ಮಾತೇ ಆಡುವುದಿಲ್ಲ ಮೇಡಂ, ನಮ್ಮ ಅತ್ತೆಯ ಕಾಯಿದೆ ಎಂದು ಬಾಯಿಗೆ ಬಂತು. ಯಾರು ನಂಬುತ್ತಾರೆ? ಅವಳಿಗೇ ನಗು ಬರುವಂತಿತ್ತು. ಯಜಮಾನರು ನೆಲ ನೋಡುತ್ತಿದ್ದರು, ಆ ಅನುಮಾನ ಅವರಿಗೂ ಹೊಸದಾಗಿರಲಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಅವಳ ಕಣ್ಣು ತುಂಬಿ ಬಂತು, ಸಿಟ್ಟಿಗೆ.

"ಬೇರೆಯವರ ಕೈಲಿ ಹೊಡೆಸಿ ಮೇಡಂ" ಎಂದ ಮೇಸ್ತ್ರಿ. "ನಾನು ಹೊಡೆಯಲ್ಲ. ಇವತ್ತೇ ರಿಗ್ಗು ತೆಗೀತೀನಿ. ಆದ್ರೆ ಹೊಡೆಸಿ."

"ಲೆಕ್ಕಾನೂ ಬೇರೆಯವರಿಂದ ನೋಡಿಸಿ" ಎಂದಳು ಅವಳು. ಗೆರೆಗಳ ಹಾಳೆಗಳನ್ನು ಡಾಕ್ಟರಮ್ಮನ ಕಡೆಗೆ ತಳ್ಳಿದಳು. "ಎರಡು ಪರೀಕ್ಷೆಯ ಅಂಕಿಗಳೂ ಕೊಡ್ತೀನಿ. ನನ್ನ ಹೆಸರು ಬೇಡ."

ಹಾಗೇ ಆಯಿತು. ಹೊರಗಿನ ಇಂಜಿನಿಯರೊಬ್ಬರು ಬಂದು ಅವಳ ಲೆಕ್ಕ ತಿರುವಿಹಾಕಿ ನೋಡಿ, ಸರಿ ಎಂದು, ಅದರ ಕೆಳಗೆ ತಮ್ಮ ಸಹಿ ಹಾಕಿದರು. ಯಜಮಾನರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ಹಳೆಯ ಕಡತ ಜೋಡಿಸಲು ಕೂರಿಸಿದರು. ಸೈಟಿನವರು ಲೆಕ್ಕದಮ್ಮ ಎನ್ನುವಾಗಿನ ನಗು ಬೇರೆ ಥರದ್ದಾಯಿತು. ಮೇಸ್ತ್ರಿ ಅಂಗಳದಿಂದ ರಿಗ್ಗು ತೆಗೆದ. ಆ ಜಾಗಕ್ಕೆ ಬಂದದ್ದು, ಬೇರೆ ಯಾರು, ಬೆಳ್ಳಿಹಲ್ಲು.

ಅವನು ಕೆಲಸ ಶುರುಮಾಡಿದ ದಿನ ಲೆಕ್ಕದಮ್ಮ ಶೆಡ್ಡಿನಲ್ಲಿ ಉಳಿದಿದ್ದ ತನ್ನ ಮೀಟರುಗಳನ್ನು ತರಲು ಹೋಗಿದ್ದಳು. ತಗಡಿನ ಆಚೆ ಗಂಡನ ದನಿ ಕೇಳಿ ನಿಂತಳು. ಅವನಿಗೆ ಅಲ್ಲಿ ಏನು ಕೆಲಸ? ಹೊಡೆದಾಟಕ್ಕೆ ಬಂದನೇ ಎಂದು ಅವಳು ತಗಡಿಗೆ ಕಿವಿಗೊಟ್ಟಳು.

"ಅರವತ್ತು ಮೀಟರಿನ ಸುಮಾರಿಗೆ ಉರುಟು ಕಲ್ಲಿನ ಪದರ ಇದೆ" ಎನ್ನುತ್ತಿದ್ದ ಮೇಸ್ತ್ರಿ. "ಅಲ್ಲಿ ಅವಸರ ಮಾಡಬೇಡ. ಕೇಸಿಂಗ್ ಕೊಳವೆ ಇಳಿಸದೆ ಮುಂದೆ ಹೋದ್ಯೋ, ಗೋಡೆ ಕುಸಿದು ರಾಡು ಹಿಡ್ಕೊಳ್ಳುತ್ತೆ. ಮೇಲಿನ ಅಂಚಲ್ಲಿ ಕಲ್ಲು ಸದ್ದು ಬೇರೆ ಮಾಡುತ್ತೆ, ಕಿವಿ ಕೊಟ್ಟು ಕೇಳು."

ನೆಲದ ಗುಟ್ಟನ್ನು ಬೋರಿನವರು ಹೆತ್ತ ತಾಯಿಗೂ ಬಿಟ್ಟುಕೊಡುವುದಿಲ್ಲ. ಬೆಳ್ಳಿಹಲ್ಲು ಯಂತ್ರವನ್ನೇ ನಿಲ್ಲಿಸಿದ.

"ಇದನ್ನೆಲ್ಲ ನನಗ್ಯಾಕೆ ಹೇಳ್ತಿದೀಯ? ನನ್ನ ರಾಡು ಸಿಕ್ಕಿಕೊಂಡ್ರೆ ನಿನಗೆ ಹಬ್ಬ ಅಲ್ವಾ?"

"ಹಬ್ಬಾನೇ. ಆದ್ರೆ ರಾಡು ಸಿಕ್ಕಿಕೊಂಡ್ರೆ ನೀನು ಅರ್ಧ ಆಳಕ್ಕೇ ಸಾಕು ಅಂತ ಪೈಪು ಇಳಿಸಿ ಮುಚ್ಚಿಬಿಡ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ? ಅದು ಆಗಕೂಡದು." ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. "ಕಾಗದದ ಮೇಲೆ ಯಾರ ಹೆಸರಾದ್ರೂ ಇರ್ಲಿ. ಆ ಆಳ ನನ್ನ ಹೆಂಡತಿ ಹಾಕಿದ ಲೆಕ್ಕ."

ಅವಳು ಮೀಟರುಗಳ ಪೆಟ್ಟಿಗೆಯನ್ನು ನೆಲಕ್ಕಿಟ್ಟು, ತಗಡಿಗೆ ಒರಗಿ, ಅಷ್ಟು ದಿನ ಅಳದೆ ಇಟ್ಟುಕೊಂಡಿದ್ದನ್ನೆಲ್ಲ ಅತ್ತಳು. ಆಚೆ ಯಂತ್ರ ಮತ್ತೆ ಶುರುವಾಯಿತು.